ಮೊದಲು ಓದಬೇಕಾದ ಹನ್ನೊಂದು ಪುಟ

ನಾನೊಂದು ಸಾಫ್ಟ್‌ವೇರ್ ಬರೆದಿದ್ದೇನೆ ಎಂದರೆ ನಮ್ಮ ಗಜೇಂದ್ರಗಡದಲ್ಲಿ ಯಾರೂ ನಂಬುವುದಿಲ್ಲ. ನಂಬದವರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಸಿಟ್ಟೆಲ್ಲ ಅದನ್ನು ಬಳಸುವುದು ಹೇಗೆಂದು ತಿಳಿಸಲು ನಾನೇ ಬರೆದ ಹನ್ನೊಂದು ಪುಟಗಳ ಮೇಲೆ.

ದಿನವೂ ಬಸ್ ಹಿಡಿದು ನರೇಗಲ್ಲಿಗೆ ಹೋಗಿ ಮಕ್ಕಳಿಗೆ ಗಣಿತ ಕಲಿಸುವವಳು ನಾನು. ಮನೆ ನೇಕಾರರ ಓಣಿಯಲ್ಲಿ. ಎದುರು ಮನೆಯ ಗಂಗವ್ವ ಪಟ್ಟೆದಂಚಿನ ಚೌಕಳಿ ಸೀರೆ ನೇಯುತ್ತಾಳೆ. ಮಗ್ಗಕ್ಕೆ ಹಾಸು, ಅಂದರೆ ಉದ್ದದ ಎಳೆಗಳನ್ನು, ಹೂಡುವ ಮೊದಲು ಕೆಂಪು ಎಳೆ ಎಷ್ಟು, ಹಳದಿ ಎಷ್ಟು ಎಂಬ ಲೆಕ್ಕ ಬೇಕು. ಆ ಲೆಕ್ಕ ಯಾವ ಕಾಗದದಲ್ಲೂ ಇರಲಿಲ್ಲ, ಆಕೆಯ ಅಣ್ಣನ ತಲೆಯಲ್ಲಿತ್ತು. ಅಣ್ಣ ಈಗ ನರಗುಂದದಲ್ಲಿ ಮಗಳ ಮನೆಯಲ್ಲಿದ್ದಾನೆ. ವಯಸ್ಸಾಗಿ ಮರೆವು ಬಂದಿದೆ. ಒಂದು ಸಲ ಆತ ಫೋನಿನಲ್ಲಿ ಹೇಳಿದ ಲೆಕ್ಕ ತಪ್ಪಿ, ಸೀರೆಯ ಒಂದು ಬದಿಯ ಚೌಕಳಿ ಅರ್ಧಕ್ಕೇ ನಿಂತುಬಿಟ್ಟಿತು.

"ತಪ್ಪ ಹೇಳಿದಿ ಅಂತ ಅಣ್ಣಗ ಹ್ಯಾಂಗ ಹೇಳ್ಲಿರಿ ಅಕ್ಕೋರ? ಜೀವಾ ಸಣ್ಣ ಮಾಡ್ಕೋತಾನ," ಎಂದಳು ಗಂಗವ್ವ. ಮತ್ತೆ ಕೇಳಿದರೆ ಅವನಿಗೆ ಕಷ್ಟ, ಕೇಳದಿದ್ದರೆ ಇವಳ ಮಗ್ಗ ನಿಲ್ಲುತ್ತದೆ. ನನ್ನೊಳಗಿನ ಗಣಿತದ ಟೀಚರಿಗೆ ಇಷ್ಟು ಸಾಕಾಯಿತು. ಎರಡು ಬೇಸಿಗೆ ರಜೆ ಕೂತು ಆ ಪ್ರೋಗ್ರಾಮು ಬರೆದೆ. ಹಳೆಯ ಸೀರೆಯ ಒಂದು ಚೌಕಳಿ ಎಣಿಸಿ ಕೊಟ್ಟರೆ, ಬೇಕಾದ ಅಗಲಕ್ಕೆ ಯಾವ ಬಣ್ಣದ ಎಳೆ ಎಷ್ಟು, ಯಾವುದರ ಪಕ್ಕ ಯಾವುದು ಎಂದು ಫೋನಿನಲ್ಲೇ ತೋರಿಸುತ್ತದೆ. ಯಾರು ಬೇಕಾದರೂ ಪುಕ್ಕಟೆ ಬಳಸಲಿ ಎಂದು ಇಂಟರ್ನೆಟ್ಟಿಗೂ ಹಾಕಿದೆ.

ಅಲ್ಲಿಗೆ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಪ್ರೋಗ್ರಾಮಿನ ಜೊತೆಗೊಂದು 'ಮೊದಲು ಇದನ್ನು ಓದಿ' ಇರಬೇಕಲ್ಲ! ನಮ್ಮ ಹಳೆಯ ಕಾವ್ಯಗಳ ಪದ್ಧತಿ ನಿಮಗೆ ಗೊತ್ತು. ಮೊದಲು ದೇವರ ಸ್ತುತಿ, ಆಮೇಲೆ ಗುರುಗಳ ಸ್ತುತಿ, ಆಮೇಲೆ ಕುಕವಿಗಳಿಗೆ ನಾಲ್ಕು ಬೈಗುಳ. ಕಥೆ ಶುರುವಾಗುವಷ್ಟರಲ್ಲಿ ಕೇಳುವವನಿಗೆ ತೂಕಡಿಕೆ. ನಾನೂ ಏನೂ ಕಡಿಮೆ ಮಾಡಲಿಲ್ಲ. ಸಾಫ್ಟ್‌ವೇರಿನ ಹುಟ್ಟು, ಉದ್ದೇಶ, ಕೃತಜ್ಞತೆ, ಬೇರೆ ಸಾಫ್ಟ್‌ವೇರುಗಳು ಯಾಕೆ ಪ್ರಯೋಜನಕ್ಕೆ ಬಾರವು ಎಂಬ ವಿಮರ್ಶೆ. ನನ್ನ ಹೆಸರು ಐದು ಕಡೆ. ಶುರು ಮಾಡುವುದು ಹೇಗೆಂಬುದು ಒಂಬತ್ತನೆಯ ಪುಟದಲ್ಲಿತ್ತು.

ಒಂದು ಭಾನುವಾರ ಗಂಗವ್ವನ ಕೈಗೆ ಅದನ್ನು ಕೊಟ್ಟು, ಬಾಯಿ ಬಿಡಬಾರದೆಂದು ಆಣೆ ಹಾಕಿಕೊಂಡು ಎದುರಿಗೆ ಕೂತೆ. ಆಕೆ ಸಾಲಿನ ಕೆಳಗೆ ಬೆರಳಿಟ್ಟು, ಒಂದೊಂದೇ ಶಬ್ದ ಬಿಡಿಸಿ ಓದಿದಳು. ಎಂಟು ಪುಟ! ಪಾಪ, ಒಂದನ್ನೂ ಬಿಡಲಿಲ್ಲ. ಒಂಬತ್ತಕ್ಕೆ ಬಂದಾಗ ಬೆರಳು ನಿಂತಿತು. ಅಲ್ಲಿ, "ಮೊದಲು ಬಟ್ಟೆಯ ಮೇಲ್ಮೈ ಅಥವಾ ಒಳಮೈ ಆಯ್ಕೆ ಮಾಡಿ" ಎಂದು ಬರೆದಿದ್ದೆ.

"ಯಾವ ಮೈ ಆರಿಸಲ್ರಿ? ಪಟ್ಟೆದಂಚಿಗೆ ಎರಡೂ ಮೈ ಒಂದ ಅಲ್ರಿ. ನೀವ ಉಟ್ಟೀರಿ, ನೋಡ್ಕೋರಿ!"

ನೋಡಿಕೊಂಡೆ. ಹೌದು, ಅವತ್ತು ಉಟ್ಟಿದ್ದು ಆಕೆಯೇ ನೇಯ್ದ ಪಟ್ಟೆದಂಚು. ಹಿಂದು ಮುಂದು ನೋಡದೆ ಉಡಬಹುದೆಂದೇ ಬೆಳಗಿನ ಬಸ್ಸಿನ ಗಡಿಬಿಡಿಗೆ ನಾನು ಅದನ್ನು ಇಷ್ಟಪಡುವುದು. ಮೈಮೇಲಿದ್ದ ಸತ್ಯ ಬರೆಯುವಾಗ ತಲೆಗೆ ಹೊಳೆಯಲಿಲ್ಲ. ಅದಕ್ಕಿಂತ ಹೆಚ್ಚು ನೋವಾದದ್ದು ಆಕೆಯ ಮುಂದಿನ ಮಾತಿಗೆ. "ಇದು ಭಾಳ ಸಾಲಿ ಕಲ್ತವರಿಗೆ ಬಿಡ್ರಿ. ನಂಗ ತಿಳಿಯೂದಲ್ಲ," ಎಂದು ಹಾಳೆಗಳನ್ನು ಮಡಚಿಟ್ಟಳು. ತಪ್ಪು ನನ್ನದು, ನಾಚಿಕೆ ಆಕೆಗೆ. ನನಗೆ ಅಳುವೇ ಬಂತು.

ಹಿಂದೊಮ್ಮೆ ರಾಜೂರಿಗೆ ದಾರಿ ಕೇಳಿದಾಗ ಒಬ್ಬ ಹಿರಿಯರು, "ಮೊದ್ಲ ಬೇವಿನ ಗಿಡ ಇತ್ತಲ್ರಿ, ಅಲ್ಲಿ ಬಲಕ್ಕ ಹೊಳ್ರಿ," ಎಂದಿದ್ದರು. ಇಲ್ಲದ ಗಿಡವನ್ನು ನಾನು ಎಲ್ಲಿ ಹುಡುಕಲಿ ಎಂದು ವರ್ಷಗಟ್ಟಲೆ ಅವರನ್ನು ಆಡಿಕೊಂಡು ನಕ್ಕಿದ್ದೇನೆ. ಈಗ ನಗು ಬರಲಿಲ್ಲ. ದಾರಿ ಗೊತ್ತಿದ್ದವರಿಗೆ ಮಾತ್ರ ತಿಳಿಯುವ ದಾರಿಯನ್ನು ನಾನೂ ಹೇಳಿದ್ದೆ, ಅದೂ ಹನ್ನೊಂದು ಪುಟ.

ಮರುದಿನ ಸಂಜೆ ಕ್ಷಮೆ ಕೇಳಲು ಹೋದಾಗ ಗಂಗವ್ವ ಒಂದೇ ಬಣ್ಣದ ಬೇರೊಂದು ಸೀರೆಗೆ ಹಾಸು ಜೋಡಿಸುತ್ತಿದ್ದಳು. ಮುಗಿದ ಸೀರೆಯನ್ನು ಕತ್ತರಿಸಿ ತೆಗೆದಿದ್ದರೂ, ಹಳೆಯ ಎಳೆಗಳ ತುದಿ ಮಗ್ಗದಲ್ಲೇ ಇದ್ದವು. ಒಂದೊಂದು ಹಳೆ ತುದಿಗೂ ಒಂದೊಂದು ಹೊಸ ಎಳೆ ಹೊಸೆದು ಕೂಡಿಸುತ್ತಿದ್ದಳು. ಇದನ್ನು ನೂರು ಸಲ ನೋಡಿದ್ದೇನೆ, ಕೇಳಿದ್ದು ಅವತ್ತೇ.

"ಹಳೇ ತುದಿ ಯಾಕ ಉಳಿಸ್ತೀರಿ, ಗಂಗವ್ವ?"

"ಅಯ್ಯ, ಉಳಿಸ್ಲಿಲ್ಲಂದ್ರ ಹೊಸಾದನ್ನ ಎದಕ್ಕ ಕೂಡಿಸೂದ್ರಿ?"

ಕ್ಷಮೆ ಕೇಳುವುದನ್ನೂ ಮರೆತು ಮನೆಗೆ ಓಡಿದೆ. ಹನ್ನೊಂದು ಪುಟ ಅಳಿಸಿ ಒಂದು ಪುಟ ಬರೆದೆ. ಮೇಲ್ಮೈ ಒಳಮೈ ಕೇಳುವ ಪ್ರಶ್ನೆಯನ್ನು ಪ್ರೋಗ್ರಾಮಿನಿಂದಲೇ ಕಿತ್ತೆ. ಮೊದಲ ಸಾಲು ಹೀಗಿತ್ತು: "ನಿಮ್ಮ ಮನೆಯಲ್ಲಿರುವ ಒಂದು ಹಳೆಯ ಸೀರೆ ತೆಗೆದುಕೊಳ್ಳಿ. ಅದರ ಒಂದು ಚೌಕಳಿಯಲ್ಲಿ ಕೆಂಪು ಎಳೆ ಎಷ್ಟಿವೆ, ಎಣಿಸಿ." ಸೀರೆ ಆಕೆಗೆ ಗೊತ್ತು, ಎಣಿಸುವುದೂ ಗೊತ್ತು. ಹೊಸದನ್ನು ಅಲ್ಲಿಂದ ಕೂಡಿಸುತ್ತ ಹೋದೆ. ನನ್ನ ಹೆಸರಿಗೆ ಜಾಗ ಸಿಗಲಿಲ್ಲ.

ಮುಂದಿನ ಭಾನುವಾರ ಗಂಗವ್ವ ಅದನ್ನು ಓದಿದಳು, ಎಣಿಸಿದಳು, ಫೋನು ಒತ್ತಿದಳು. ಬಂದ ಲೆಕ್ಕವನ್ನು ಹಳೆಯ ಸೀರೆಯ ಮೇಲಿಟ್ಟು ಅಂಚಿನಿಂದ ಅಂಚಿಗೆ ಎರಡು ಸಲ ತಾಳೆ ನೋಡಿದಳು. ಒಂದು ಎಳೆಯೂ ಹೆಚ್ಚುಕಡಿಮೆ ಇರಲಿಲ್ಲ. ನಾನು ಬಾಯಿ ಬಿಡಲಿಲ್ಲ, ಖರೇ ಹೇಳುತ್ತೇನೆ. ಆಮೇಲೆ ಆಕೆ ನರಗುಂದಕ್ಕೆ ಫೋನು ಹಚ್ಚಿ, ಸ್ಪೀಕರಿಗೆ ಹಾಕಿ, ಅಣ್ಣನಿಗೆ ಲೆಕ್ಕ ಪೂರ್ತಿ ಒಪ್ಪಿಸಿದಳು. ಈ ಸಲ ಕೇಳಲಿಕ್ಕಲ್ಲ, ಹೇಳಲಿಕ್ಕೆ.

"ಬರೋಬ್ಬರಿ ಐತಿ," ಎಂದ ಅಣ್ಣ. "ಯಾರ ಹೇಳಿಕೊಟ್ರು?"

"ಯಾರೂ ಇಲ್ಲಣ್ಣ. ನಾನ ಓದಿ ಮಾಡೀನಿ."

ಎರಡು ರಜೆ ಸವೆಸಿದ ನಾನು ಮಗ್ಗುಲಲ್ಲೇ ಕೂತಿದ್ದೆ. ಯಾರೂ ಇಲ್ಲವಂತೆ! ಒಂದು ಕ್ಷಣ ಚುರುಕ್ ಎಂದಿತು. ಮರುಕ್ಷಣ, ನನ್ನ ಬರಹಕ್ಕೆ ಇದಕ್ಕಿಂತ ದೊಡ್ಡ ಹೊಗಳಿಕೆ ಎಂದೂ ಸಿಕ್ಕಿಲ್ಲ ಎನ್ನಿಸಿ ನಗು ಬಂತು.

ಅತ್ತ ಅಣ್ಣ ಹಗುರಾದ ದನಿಯಲ್ಲಿ ಹೇಳಿದ: "ಚಲೋ ಆತವಾ. ಇನ್ನ ನಾ ಆರಾಮ ಮರೀತೀನಿ."