‘ಅಷ್ಟ ಅಲ್ಲ’ ಅಂದರು ಅತ್ತೆ

ಬೆಳಿಗ್ಗೆ ತಲೆಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದೆ. ಬಟ್ಟಲಿನಿಂದ ಮೂಗಿಗೆ ಹೊಡೆದ ಘಾಟಿಗೆ ಅತ್ತೆ ನೆನಪಾದರು. ಹೆಂಗಸರು ವಯಸ್ಸು ಮುಚ್ಚಿಡುತ್ತಾರೆ ಅನ್ನುತ್ತೀರಿ, ನಾನೂ ಮುಚ್ಚಿಡುತ್ತೇನೆ. ಆದರೆ ಐವತ್ತು ದಾಟಿದ ಅತ್ತೆ ಆ ಭಾನುವಾರ ಮೊದಲ ಸಲ ಬಣ್ಣ ಹಚ್ಚಿಕೊಂಡು, ಕಿವಿಯ ಮೇಲೂ ಒಂದಿಷ್ಟು ಬಳಿದುಕೊಂಡು ಪಡಸಾಲೆಯಲ್ಲಿ ಕೂತಿದ್ದು ಏನನ್ನೂ ಮುಚ್ಚಿಡುವುದಕ್ಕಲ್ಲ.

ಅತ್ತೆ ಗಂಗಮ್ಮ ಕೂಡ್ಲಿಗಿಯವರು. ಮಾವ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಕೊಟ್ಟೂರಿನಲ್ಲಿ ಅಂಗನವಾಡಿ ಟೀಚರಾಗಿದ್ದ ಅವರು ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದರು. ಅಲ್ಲಿ ಫೋಟೋ ಸ್ಟುಡಿಯೊ ಇಟ್ಟಿದ್ದ ಹನುಮಂತಪ್ಪನವರೂ ಹೆಂಡತಿಯನ್ನು ಕಳೆದುಕೊಂಡವರು. ಸಂಜೆ ಬಸ್ಸು ತಡವಾದರೆ ಇಬ್ಬರೂ ಚಹಾದಂಗಡಿಯಲ್ಲಿ ಕೂರುತ್ತಾರೆಂಬುದು ಊರಿಗೆಲ್ಲ ಗೊತ್ತಿತ್ತು. ಹರಪನಹಳ್ಳಿಯ ನನ್ನ ತವರಿಗೂ ಗೊತ್ತಿತ್ತು ಅಂದರೆ ನೋಡಿ.

ಆ ಭಾನುವಾರ ಹಗರಿಬೊಮ್ಮನಹಳ್ಳಿಯ ನಮ್ಮ ಮನೆಯಿಂದ ನಾವು ಕೂಡ್ಲಿಗಿಗೆ ಹೋಗಿದ್ದೆವು. ಅತ್ತೆ ನೇರವಾಗಿ ಹೇಳಿದರು: “ಮಂಜು, ನಾನು ಹನುಮಂತಪ್ಪನ್ನ ಮದುವಿ ಆಗ್ತೀನಿ.”

ಮಂಜು ಅಂದರೆ ನನ್ನ ಗಂಡ. ಗಾಬರಿಯಾದಾಗ ಇವರು ಸಮಾಧಾನದ ಮಾತು ಜೋಡಿಸತೊಡಗುತ್ತಾರೆ.

“ಆಗ್ಲಿ ಬಿಡವ್ವಾ. ಮಂದಿ ಕೇಳಿದ್ರ, ವಯಸ್ಸಾದ ಕಾಲಕ್ಕ ಒಬ್ರಿಗೊಬ್ರು ಆಸರ ಅನ್ನೂಣು. ಮಾತಿಗೊಂದು ಜೊತಿ. ಅಷ್ಟ ತಾನ?”

ಹೂಂ ಅಂದಿದ್ದರೆ ಎಲ್ಲ ಸಲೀಸಾಗುತ್ತಿತ್ತು. ಅನ್ನಲಿ ಎಂದು ನಾನೂ ಕಾಯುತ್ತಿದ್ದೆ.

“ಅಷ್ಟ ಅಲ್ಲ,” ಅಂದರು ಅತ್ತೆ. “ಗೆಳೆತನಕ್ಕ ಚಹಾದಂಗಡಿ ಸಾಕಿತ್ತು. ನನಗ ಮನಸ್ಸೂ ಐತಿ, ಮೈನೂ ಐತಿ. ಸುಳ್ಳು ಯಾಕ ಹೇಳ್ಲಿ?”

ಇವರು ಎದ್ದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಒಂದು ಕಾಲಿನಲ್ಲಿದ್ದದ್ದು ನನ್ನ ಚಪ್ಪಲಿ.

ಉಳಿದದ್ದನ್ನು ಅತ್ತೆ ಅಡುಗೆಮನೆಯಲ್ಲಿ ನನಗೆ ಹೇಳಿದರು.

“ನಿಮ್ಮ ಮಾವ ಕೆಟ್ಟ ಮನುಷ್ಯಾ ಅಲ್ಲವ್ವ. ಆದ್ರ ನಿನಗ ಬೇಕೇನು ಅಂತ ಒಂದಿನ ಕೇಳ್ಲಿಲ್ಲ. ಹನುಮಂತಪ್ಪ ಒಂದಿನ ‘ಕೈ ಹಿಡೀಲೇನ್ರಿ’ ಅಂತ ಕೇಳಿದ. ಬ್ಯಾಡ್ರಿ ಅಂದೆ. ಆತು ಬಿಡ್ರಿ ಅಂದ. ಮರುದಿನ ಮುಖ ಉಬ್ಬಿಸ್ಕಂಡು ಕುಂತಿರ್ತಾನ ಅಂತ ಅಂಜಿಕೋಂತ ಹೋದೆ. ಯಾವಾಗ್ಲಿನಂಗ ಚಹಾ ಹೇಳಿದ, ಬಸ್ಸಿನವನ್ನ ಬೈದ, ನನ್ನ ನಗಿಸಿದ. ನಂಬಿಕಿ ಹುಟ್ಟಿದ್ದು ಅವತ್ತ. ಆಮ್ಯಾಲ ಒಂದಿನ ನಾನ ಕೈ ಚಾಚಿದೆ.”

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಸಂತಾನೋತ್ಪತ್ತಿಯ ಪಾಠ ಬಂದರೆ ‘ಮನೆಯಲ್ಲಿ ಓದಿಕೊಳ್ಳಿ’ ಎಂದು ಪುಟ ಮಗುಚುವವಳು. ಹೆಚ್ಚುತ್ತಿದ್ದ ಈರುಳ್ಳಿಯಿಂದ ತಲೆ ಎತ್ತಲಿಲ್ಲ.

ರಿಜಿಸ್ಟರ್ ಮದುವೆಗೆ ಸಾಕ್ಷಿಯಾಗಿ ನಾನು ಹೋದೆ, ಇವರು ಬರಲಿಲ್ಲ. ಅತ್ತೆ ಕೊಟ್ಟೂರಿನಲ್ಲಿ ಮನೆ ಮಾಡಿದರು. ತಾಯಿ ಮಗನಿಗೆ ತಿಂಗಳುಗಟ್ಟಲೆ ಮಾತಿಲ್ಲ. ಕೊನೆಗೊಮ್ಮೆ ನನ್ನ ತವರಿನಿಂದ ಬೈಕಿನಲ್ಲಿ ಬರುವಾಗ ನಾನೇ ಹಟ ಹಿಡಿದು ಆ ಮನೆಯ ಮುಂದೆ ನಿಲ್ಲಿಸಿದೆ. ಬಾಗಿಲು ತೆರೆದಿತ್ತು. ಒಳಗೆ ಯಾರೋ ಗಂಟಲು ಬಿಟ್ಟು, ಕೆಮ್ಮು ಬರುವ ಹಾಗೆ ನಗುತ್ತಿದ್ದರು.

“ಯಾರದು ನಗಾಕತ್ತಿದ್ದು?” ಇವರು ಮೆಲ್ಲಗೆ ಕೇಳಿದರು.

“ನಿಮ್ಮವ್ವ,” ಅಂದೆ.

ಹೊಸ್ತಿಲಲ್ಲೇ ಸ್ವಲ್ಪ ಹೊತ್ತು ನಿಂತರು. ಆಮೇಲೆ ಒಳಗೆ ಹೋದರು. ಊಟ ಮಾಡಿಯೇ ಹೊರಟೆವು. ಹನುಮಂತಪ್ಪನವರನ್ನು ಏನೆಂದು ಕರೆಯಬೇಕೆಂದು ತಿಳಿಯದೆ ಇವರು ಇವತ್ತಿಗೂ ‘ನೋಡ್ರಿ’ ಎಂದೇ ಮಾತು ಶುರುಮಾಡುತ್ತಾರೆ.

ದಾರಿಯಲ್ಲಿ, ಮುಖ ಕಾಣುವುದಿಲ್ಲವೆಂಬ ಧೈರ್ಯಕ್ಕೋ ಏನೋ, ಇವರು ಕೇಳಿದರು: “ಅಡಿಗಿಮನ್ಯಾಗ ಅವ್ವ ಹೇಳಿದ್ದನ್ನ ಅವತ್ತ ನೀನು ನನಗ ಹೇಳಿದ್ದೆಲ್ಲ... ನಿನಗ ಬೇಕೇನು ಅಂತ ನಾನು ನಿನ್ನ ಯಾವಾಗರ ಕೇಳೀನೇನು?”

“ಇಲ್ಲ,” ಅಂದೆ.

ಈಗ ಕೇಳುತ್ತಾರೆ. ಒಮ್ಮೊಮ್ಮೆ ಬೇಡ ಅನ್ನುತ್ತೇನೆ. ಮೊದಮೊದಲು ಮುಖ ಹೇಗಾಗುತ್ತದೆ ನೋಡೋಣ ಎಂದೇ ಬೇಡ ಅಂದದ್ದೂ ಉಂಟು. ಏನೂ ಆಗಲಿಲ್ಲ, ಪಕ್ಕದಲ್ಲೇ ಕೂತು ಆಫೀಸಿನ ಸುದ್ದಿ ಹೇಳಿದರು.

ಇವತ್ತು ಮಧ್ಯಾಹ್ನ ಮಗಳು ಗೆಳತಿಯ ಮನೆಗೆ ಹೋಗಿದ್ದಳು. ಇವರು ಪೇಪರ್ ಓದುತ್ತಿದ್ದರು. ನಾನು ಹೋಗಿ ಬಾಗಿಲು ಮುಂದೆ ಮಾಡಿ ಬಂದೆ. ಇಷ್ಟು ವರ್ಷಗಳಲ್ಲಿ ಮೊದಲ ಸಲ, ನಾನೇ ಕೇಳಿದೆ.