ಅಳತೆಗೆ ಕೂರದ ಶರ್ಟು

ಊರಿಗಾಂನಲ್ಲಿ, ಗಣಿ ಕೂಲಿಗಳಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯೊಂದರಲ್ಲಿ ನಾನೊಬ್ಬನೇ ಇರುತ್ತೇನೆ. ಒಂದು ಕೋಣೆ, ಒಂದು ಒಲೆ, ಗೋಡೆಯಾಚೆ ಪಕ್ಕದ ಮನೆಯವರ ಟಿ.ವಿ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರವೂ ಮಾತಾಡಿ, ವಿರೋಧವೂ ಮಾತಾಡಿ ಗೆದ್ದವನು ನಾನು. ಆ ಚಟ ನನ್ನನ್ನು ಬಿಡಲಿಲ್ಲ, ಗೆಳೆಯರು ಬಿಟ್ಟರು.

ಹೋದ ವರ್ಷ ಬಂಗಾರಪೇಟೆಯ ಹವ್ಯಾಸಿ ತಂಡವೊಂದು ತನ್ನ ನಾಟಕಕ್ಕೆ ಉಡುಪು ವಿನ್ಯಾಸ ಮಾಡಲು ಕರೆಯಿತು. ನನ್ನ ಮೊದಲ ಸ್ವತಂತ್ರ ಕೆಲಸ. ಉಳಿದ ಪಾತ್ರಗಳದ್ದೆಲ್ಲ ಮುಗಿದಿತ್ತು. ಗಂಡನಿಲ್ಲದ, ಕೂಲಿ ಮಾಡಿ ಬದುಕುವ ತಾಯಿಯದ್ದೊಂದೇ ಬಾಕಿ ಉಳಿದುಬಿಟ್ಟಿತ್ತು. "ಭಾನುವಾರದ ರಿಹರ್ಸಲ್‌ಗೆ ಅವಳ ಉಡುಪು ಬರದಿದ್ರೆ ಬಾಡಿಗೆ ಅಂಗಡಿಯಿಂದ ತೇಪೆ ಸೀರೆ ತರಿಸ್ತೀನಿ" ಎಂದಿದ್ದರು ನಿರ್ದೇಶಕರು. ಬಡವಿ ಎಂದರೆ ತೇಪೆ! ಕೂಲಿಯವರ ನಡುವೆಯೇ ಬೆಳೆದ ನಾನು ಅಂಥ ಒಬ್ಬಳನ್ನೂ ಕಂಡಿಲ್ಲ. ಆ ಸೀರೆ ವೇದಿಕೆ ಹತ್ತಿದರೆ ನನ್ನ ಕೆಲಸವೂ ಅಲ್ಲಿಗೆ ಮುಗಿಯುತ್ತಿತ್ತು.

ಹಾಳೆಯ ಮೇಲೆ ಬಿಳಿ ಸೀರೆಯ ಚಿತ್ರ ಬರೆದೆ. ನಮ್ಮ ಲೈನುಗಳಲ್ಲಿ ಯಾವ ವಿಧವೆ ಬಿಳಿ ಉಡ್ತಾಳೆ, ತೋರಿಸು ಎಂದು ನನಗೆ ನಾನೇ ಅಂದೆ. ಮಾಸಿದ ನೂಲಿನ ಸೀರೆ ಬರೆದೆ. ಇದು ಯಾರದಾದರೂ ಆಗಬಹುದಲ್ಲ, ಇವಳದೇ ಅಂತ ಹೇಗೆ ಹೇಳ್ತೀಯ ಎಂದೆ. ಎದುರಾಳಿಯೂ ನಾನೇ, ತೀರ್ಪುಗಾರನೂ ನಾನೇ. ಪ್ರತಿ ಸಲ ಗೆಲ್ಲುತ್ತಿದ್ದೆ, ಬರೆದದ್ದನ್ನು ಅಳಿಸುತ್ತಿದ್ದೆ, ಹಾಳೆ ಖಾಲಿ ಉಳಿಯುತ್ತಿತ್ತು. ಇದನ್ನೆಲ್ಲ ಗಟ್ಟಿಯಾಗಿಯೇ ಮಾತಾಡುತ್ತಿದ್ದೇನೆಂದು ಗೊತ್ತಾದದ್ದು, ಪಕ್ಕದ ಮನೆಯವರು ಟಿ.ವಿ. ಸದ್ದು ತಗ್ಗಿಸಿ ಕೇಳಿಸಿಕೊಂಡಾಗ.

ಗುರುವಾರ ಕಾಮಸಮುದ್ರದ ಬಸ್ಸು ಹತ್ತಿದೆ. ಅಲ್ಲಿ ನನಗೇನೂ ಕೆಲಸವಿರಲಿಲ್ಲ. ಬಸ್ಸಿನಲ್ಲಿ ಜನ ಮಾತಾಡುತ್ತಾರೆ, ಅಷ್ಟೇ. ದಾರಿಯಲ್ಲಿ ಟೊಮೆಟೊ ತೋಟದ ಕೂಲಿ ಮುಗಿಸಿದ ಹೆಂಗಸರು ಹತ್ತಿದರು. ಎಲ್ಲರ ಸೀರೆಯ ಮೇಲೂ ಗಂಡಸರ ತುಂಬುತೋಳಿನ ಶರ್ಟು. ಬಿಸಿಲು ತಾಗದಿರಲಿ, ಕೈ ತರಚದಿರಲಿ ಎಂದು ತೊಡುವುದು. ಚಿಕ್ಕಂದಿನಿಂದ ಕಣ್ಣೆದುರೇ ಇತ್ತು, ಅದಕ್ಕೇ ಕಂಡಿರಲಿಲ್ಲ.

ಪಕ್ಕ ಕೂತಾಕೆಯನ್ನು ಕೇಳಿದೆ: "ಅಕ್ಕಾ, ಈ ಶರ್ಟು ಯಾರದು?"

"ನಮ್ ಯಜಮಾನ್ರುದು ಕಣಪ್ಪ. ಯಾಕೆ, ನಿಂಗ್ ಬೇಕಾ?"

ಹಿಂದಿನ ಸೀಟಿನವಳು ಕೂಗಿದಳು: "ಕೊಟ್ಟೀಯ ಕಣಮ್ಮಿ, ಆಕ್ಕಂಡು ಓಡೋಯ್ತಾನೆ!"

ಎಲ್ಲರೂ ನಕ್ಕರು. ನಾನೂ ನಕ್ಕು, "ಅವ್ರಿಗೆ ಬೇಡ್ವಾ?" ಎಂದೆ.

"ಬೇಕನ್ನಾಕೆ ಅವ್ರು ಇರ್ಬೇಕಲ್ಲಪ್ಪ" ಎಂದು ಆಕೆ ತೋಳಿನ ಮಡಿಕೆ ಸರಿಮಾಡಿಕೊಂಡಳು.

ಮನೆಗೆ ಬಂದು ಒಂದೇ ಪಟ್ಟಿಗೆ ಬರೆದೆ: ಸೀರೆ, ಅದರ ಮೇಲೆ ಸತ್ತ ಗಂಡನ ತುಂಬುತೋಳಿನ ಶರ್ಟು.

"ಜನ ನಗ್ತಾರೆ ಕಣಯ್ಯ" ಎಂದರು ಮರುದಿನ ಚಿತ್ರ ನೋಡಿದ ನಿರ್ದೇಶಕರು. "ಏನಿದು, ಸಂಕೇತವಾ?"

"ಅಲ್ಲ ಸಾರ್, ಶರ್ಟು." ಸಂಕೇತಗಳಲ್ಲಿ ನನಗೆ ನಂಬಿಕೆಯಿಲ್ಲ. ವಾದ ಗೆದ್ದೆ. ಆದರೆ ಒಂದು ಹಳೆ ಶರ್ಟನ್ನು ಟೈಲರ್‌ಗೆ ಕೊಟ್ಟು ಗುಂಡಿ ಹಾಕಿಕೊಡಿ ಅಂದರೆ, ಅವರು ತಾಯಿಯ ಪಾತ್ರದ ನಟಿಯ ಅಳತೆ ಕೇಳಿ ತಿಳಿದುಕೊಂಡು, ಪಕ್ಕ ಹಿಡಿದು, ತೋಳು ಕತ್ತರಿಸಿ ಒಪ್ಪವಾಗಿ ಹೊಲಿದುಕೊಟ್ಟಿದ್ದರು. ಭಾನುವಾರ ಅದನ್ನು ತೊಟ್ಟು ನಿಂತ ನಟಿ ಯೂನಿಫಾರ್ಮ್ ಹಾಕಿದ ನರ್ಸಿನಂತಿದ್ದರು. ಅಳತೆಗೆ ಕೂತರೆ ಅದು ಅವಳದೇ ಆಗಿಬಿಡುತ್ತದಲ್ಲ! ನಿರ್ದೇಶಕರು ಬಾಡಿಗೆ ಅಂಗಡಿಗೆ ಫೋನು ಮಾಡಲು ಎದ್ದರು.

ನಾನು ತೊಟ್ಟಿದ್ದ ಶರ್ಟನ್ನೇ ಬಿಚ್ಚಿಕೊಟ್ಟೆ. ಚರ್ಚಾಸ್ಪರ್ಧೆಗಳಿಗೆಲ್ಲ ಹಾಕಿಕೊಂಡು ಹೋಗುತ್ತಿದ್ದದ್ದು, ಕಾಲರ್ ಸವೆದಿತ್ತು. ತೋಳು ಆಕೆಯ ಬೆರಳು ದಾಟಿ ಇಳಿಯಿತು. ಯಾರೂ ಹೇಳದೆಯೇ ಆಕೆ ಅದನ್ನು ಮಡಿಚಿ, ಸೆರಗು ಒಳಗೆ ಸಿಕ್ಕಿಸಿ, ನೆಲಕ್ಕೆ ಕೂತರು. ಯಾರೂ ನಗಲಿಲ್ಲ. ನಿರ್ದೇಶಕರು ಫೋನನ್ನು ಜೇಬಿಗೆ ಹಾಕಿಕೊಂಡರು.

ನನಗೆ ಉಳಿದದ್ದು ಟೈಲರ್ ಬಿಗಿ ಮಾಡಿದ ಶರ್ಟು. ಅದನ್ನೇ ತೊಟ್ಟು ಊರಿಗಾಂಗೆ ಪ್ಯಾಸೆಂಜರ್ ರೈಲು ಹತ್ತಿದೆ. ಗುಂಡಿ ಕೂಡುತ್ತಿರಲಿಲ್ಲ, ತೋಳು ಮೊಣಕೈಗೇ ಮುಗಿದಿತ್ತು. ಎದುರು ಸೀಟಿನ ತಾತ ನೋಡಿ ನೋಡಿ ಕೇಳಿದರು:

"ಏನ್ ತಂಬಿ, ತಮ್ಮನ ಶರ್ಟಾ?"

"ಹೂಂ" ಎಂದೆ.

ನನಗೆ ತಮ್ಮ ಇಲ್ಲ. ಊರಿಗಾಂ ಬರುವವರೆಗೂ ಅವನು ಏನು ಓದುತ್ತಿದ್ದಾನೆಂದು ಹೇಳುತ್ತಾ ಕೂತಿದ್ದೆ.