ಗುವಾಹಟಿಯಿಂದ ಮಿರಜಿಗೆ ಮೂರು ತಾಸು

ನಿಮ್ಮ ಊರಿನಿಂದ ಗುವಾಹಟಿ ಎಷ್ಟು ದೂರ? ಮಿರಜಿನಿಂದ ಎಷ್ಟೆಂದು ನಾನು ಹೇಳಬಲ್ಲೆ. ಎರಡು ಸಾವಿರ ಕಿಲೋಮೀಟರ್ ಚಿಲ್ಲರೆ. ವಿಮಾನದಲ್ಲಿ ಮೂರು ತಾಸು.

ಈ ಲೆಕ್ಕ ನನಗೆ ಸಿಕ್ಕಿದ್ದು ಹೋದ ತಿಂಗಳು, ಮಿರಜಿನ ಆಸ್ಪತ್ರೆಯೊಂದರ ವರಾಂಡದಲ್ಲಿ. ಶರ್ಟಿನ ಮೇಲೆ ರಕ್ತವಿತ್ತು. ನನ್ನದಲ್ಲ.

ಅಂದು ಬೆಳಿಗ್ಗೆ ಮಿರಜಿನ ಹತ್ತಿರದ ಬೇಡಗ ಹಳ್ಳಿಯಿಂದ ಸ್ಕೂಟರಿನಲ್ಲಿ ವಿಶ್ರಾಮಬಾಗದ ಮನೆಗೆ ಬರುತ್ತಿದ್ದೆ. ಮುಂದೆ ಸಹಕಾರಿ ಸಕ್ಕರೆ ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರ್, ಅದರ ಹಿಂದೆ ಕಬ್ಬು ತುಂಬಿದ ಎರಡು ಟ್ರೇಲರ್. ಏರಿನಲ್ಲಿ ಕೊಂಡಿ ಕಳಚಿತು. ಹಿಂದಿನ ಟ್ರೇಲರ್ ನನ್ನ ಕಡೆಗೇ ಉರುಳಿ ಬಂತು. ನಾನು ಬಲಕ್ಕೆ ತಿರುಗಿಸಿ ಉಳಿದೆ. ಎಡಬದಿಯಲ್ಲಿ ಶಾಂತವ್ವ ತಲೆಯ ಮೇಲೆ ಮೇವಿನ ಹೊರೆ ಹೊತ್ತು ನಡೆಯುತ್ತಿದ್ದಳು.

ಎಷ್ಟು ಸೆಕೆಂಡಿನ ಮಾತು? ದಿನಾ ಎಣಿಸುತ್ತೇನೆ. ಪ್ರತಿ ಸಲ ಬೇರೆ ಉತ್ತರ.

ಶಾಂತವ್ವ ಅತ್ತೆ, ಮೈದುನನ ಜೊತೆ ವಿಜಯಪುರದ ಕಡೆಯಿಂದ ಕಬ್ಬು ಕಡಿಯಲು ಬಂದವಳು. ಗಂಡ ಗುವಾಹಟಿಯಲ್ಲಿ ಸೇತುವೆ ಕೆಲಸದ ಕೂಲಿ; ಮೈದುನ ಅವನಿಗೆ ಫೋನ್ ಮಾಡಿದ್ದ. ಟ್ರೇಲರಿನ ಗಾಲಿ ಹಾದ ಪಾದ ಉಳಿಯುವುದಿಲ್ಲ, ಈಗಲೇ ತೆಗೆದರೆ ಮಂಡಿಯಾದರೂ ಉಳಿದೀತು ಎಂದರು ಡಾಕ್ಟರು. ಅವಳಿಗೆ ಎಚ್ಚರವಿರಲಿಲ್ಲ. ಅತ್ತೆ ಒಪ್ಪಿಗೆ ಕಾಗದಕ್ಕೆ ಹೆಬ್ಬೆಟ್ಟು ಒತ್ತಲಿಲ್ಲ.

"ಮಗಾ ಬರ್ಲಿ. ಅವನ್ನ ಕೇಳದ ಅವನ ಹೆಂಡ್ತಿ ಕಾಲು ನಾ ಹೆಂಗ ಕೊಡ್ಲಿ?" ಎಂದವಳು ನನ್ನತ್ತ ತಿರುಗಿದಳು. "ಎಷ್ಟು ತಾಸಿನ ಹಾದಿ ಐತ್ರಿ ಸರ?"

ಈ ಕಡೆ ಯಾರೂ ಕಿಲೋಮೀಟರ್ ಕೇಳುವುದಿಲ್ಲ, ತಾಸು ಕೇಳುತ್ತಾರೆ. ಬಸ್ಸಿಗೆ ಕಾಯುವುದು, ರೈಲ್ವೆ ಗೇಟು ಬೀಳುವುದು, ಚಹಾ ಕುಡಿಯುವುದು ಎಲ್ಲ ಆ ತಾಸಿನಲ್ಲೇ ಸೇರಿರುತ್ತದೆ. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಮೊಬೈಲ್ ತೆಗೆದೆ. (ಮೊಬೈಲ್ ಕೈಯಲ್ಲಿದ್ದವನು 'ಗೊತ್ತಿಲ್ಲ' ಎಂದಿದ್ದನ್ನು ನೀವು ಎಂದಾದರೂ ಕೇಳಿದ್ದೀರಾ?) ಎರಡು ಊರಿನ ಹೆಸರು ಹಾಕಿದರೆ ದೂರ, ವಿಮಾನದ ವೇಳೆ ಹೇಳುವ ವೆಬ್‌ಸೈಟ್. ನಕ್ಷೆಯ ಮೇಲೆ ನೆಟ್ಟಗೆ ಒಂದು ಗೆರೆ ಬಂತು.

"ಮೂರು ತಾಸ್ರಿ, ಮಾವಶಿ."

"ಬೇಡಗದ ಬಸ್ಸs ತಾಸು ಹಿಡಿತೈತಿ," ಎಂದ ಮೈದುನ. "ಗುವಾಹಟಿ ಏನು ಇಲ್ಲೇ ಖಂಡೇರಾಜುರಿ ಮಗ್ಗಲಕ್ಕ ಐತೇನ್ರಿ?"

"ಸುಮ್ನ ಕುಂದ್ರಲೇ. ಸರ ಕಲತಾರ, ನೋಡಿ ಹೇಳ್ತಾರ."

ಮಿರಜಿನಲ್ಲಿ ವಿಮಾನ ನಿಲ್ದಾಣವೇ ಇಲ್ಲವೆಂದು ಆ ವೆಬ್‌ಸೈಟಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಕಾದರು. ಡಾಕ್ಟರು ಎರಡು ಸಲ ಬಂದು ಗದರಿ ಹೋದರು. ಮುದುಕಿ ಎರಡೂ ಸಲ ಗೋಡೆಯ ಗಡಿಯಾರ ತೋರಿಸಿದಳು. ಮೂರನೆಯ ತಾಸು ಮುಗಿಯುವಾಗ ಮಗನ ಫೋನ್ ಬಂತು. ಟಿಕೆಟ್ಟೇ ಸಿಕ್ಕಿಲ್ಲವಂತೆ. ಆಗ ಹೆಬ್ಬೆಟ್ಟು ಬಿತ್ತು. ಅಷ್ಟರಲ್ಲಿ ಮಂಡಿ ಉಳಿಸುವ ಹೊತ್ತು ಮೀರಿತ್ತು, ತೊಡೆಯಲ್ಲಿ ತೆಗೆದರು. ಕೋಲ್ಕತ್ತ, ಪುಣೆ, ಅಲ್ಲಿಂದ ಬಸ್ಸು ಎಂದು ಗಂಡ ಬಂದು ಮುಟ್ಟಿದ್ದು ಮರುದಿನ ಸಂಜೆ.

ನನ್ನನ್ನು ಯಾರೂ ಬೈಯಲಿಲ್ಲ. ಬೈಯಬಹುದಿತ್ತು.

ಮೊನ್ನೆ ಆಸ್ಪತ್ರೆಗೆ ನೋಡಲು ಹೋದೆ. ಶಾಂತವ್ವ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮುದುಕಿ ಸೆರಗಿನಿಂದ ಸ್ಟೂಲು ಒರೆಸಿ, ಕುಂದ್ರಿ ಎಂದಳು. ಜೈಪುರದಲ್ಲಿ ಕಾಲು ಮಾಡಿ ಹಾಕುತ್ತಾರೆಂದು ಅವಳಿಗೆ ಯಾರೋ ಹೇಳಿದ್ದಾರೆ.

"ನಿಮ್ಮ ಮೊಬೈಲದಾಗ ನೋಡಿ ಹೇಳ್ರಿ ಸರ. ಜೈಪುರ ಎಷ್ಟು ತಾಸಿನ ಹಾದಿ?"

ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?